ಕೆಲಸಕ್ಕೆ ಹೋದರೆ ಇಎಸ್‌ಐ ಹಣ ನಿಂತುಹೋಗುತ್ತದೆಯೇ?

ಪ್ರಶ್ನೆ: ಅಕ್ಕಾ, ನಾವು ಹರಿಹರದವರು. ನಮ್ಮ ಮನೆಯವರು ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದರು. ಎರಡು ವರ್ಷದ ಹಿಂದೆ ಕೈ ಪ್ರೆಸ್‌ಗೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಹೆಬ್ಬೆರಳು, ತೋರುಬೆರಳು ಉಳಿದಿವೆ. ಇಎಸ್‌ಐ ಮೆಡಿಕಲ್ ಬೋರ್ಡಿನವರು ಶೇ 30 ಎಂದು ಬರೆದರು. ತಿಂಗಳಿಗೆ ನಾಲ್ಕು ಸಾವಿರದಷ್ಟು ಬರುತ್ತಿದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ದಾವಣಗೆರೆಗೆ ಓಡಾಡಿಕೊಂಡು ಪಿಯುಸಿ ಓದುತ್ತಿದ್ದಾಳೆ.

ಈಗ ಹಳೆಯ ಮಾಲೀಕರೇ ಕರೆದು, ಸ್ಟೋರ್ ಮತ್ತು ಇನ್‌ಸ್ಪೆಕ್ಷನ್ ನೋಡಿಕೊಳ್ಳಲಿ, 13,000 ಕೊಡುತ್ತೇನೆ ಅಂದಿದ್ದಾರೆ. ಮೊದಲು 15,000 ಇತ್ತು. ಇವರು ಒಪ್ಪುತ್ತಿಲ್ಲ. ಕೆಲಸಕ್ಕೆ ಸೇರಿದರೆ ಇಎಸ್‌ಐ ಹಣ ನಿಲ್ಲಿಸಿಬಿಡುತ್ತಾರೆ ಅಂತ ಜೊತೆಯವರು ಹೇಳಿದ್ದಾರಂತೆ. ಅಂಗವಿಕಲರ ಪಿಂಚಣಿಗೂ ಅರ್ಜಿ ಹಾಕೋಣ, ಅದು ಮಂಜೂರಾಗುವವರೆಗೆ ಎಲ್ಲೂ ಹೋಗಬೇಡ ಅನ್ನುತ್ತಾನೆ ಮೈದುನ. ಮಗನನ್ನು ಮತ್ತೆ ಆ ಶೆಡ್ಡಿಗೆ ಕಳಿಸಲು ಅತ್ತೆಗೆ ಮನಸ್ಸಿಲ್ಲ. ಇವರು ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪ, ಹೋದರೂ ಕೈಗೆ ಟವೆಲ್ ಸುತ್ತಿಕೊಂಡೇ ಹೋಗುತ್ತಾರೆ. ನಾನು ಮಾತು ತೆಗೆದರೆ, ‘ಬರೋ ದುಡ್ಡು ಸಾಲ್ತಿಲ್ವಾ ನಿನಗೆ’ ಅಂತ ರೇಗುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹರಿಹರ

ಉತ್ತರ: ತಂಗಿ, ಮೊದಲು ಹಣದ ಮಾತು ಮುಗಿಸೋಣ. ಆ ಭಯ ಇರುವವರೆಗೆ ಬೇರೆ ಯಾವ ಮಾತೂ ಅವರ ಕಿವಿಗೆ ಬೀಳುವುದಿಲ್ಲ. ನಿಮ್ಮ ಮನೆಯವರು ಕೆಲಸಕ್ಕೆ ಸೇರಿದ ಕಾರಣಕ್ಕೆ ಈ ಹಣ ನಿಲ್ಲುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅದೇ ಕಾರ್ಖಾನೆಗೆ ಹೋಗಲಿ, ಬೇರೆ ಕಡೆ ಸೇರಲಿ, ಸ್ವಂತ ಅಂಗಡಿ ಇಟ್ಟುಕೊಳ್ಳಲಿ, ಬರುವುದು ಬರುತ್ತಲೇ ಇರುತ್ತದೆ.

ಜೊತೆಯವರು ಸುಳ್ಳು ಹೇಳಿದರು ಅನ್ನಲಾರೆ. ಅಪಘಾತವಾದ ಹೊಸದರಲ್ಲಿ, ಗಾಯ ಮಾಯುವವರೆಗೆ, ಇಎಸ್‌ಐ ಕೂಲಿಯ ಶೇ 90ರಷ್ಟು ಕೊಡುತ್ತದೆ. ಕಚೇರಿಯಲ್ಲಿ ಅದನ್ನು ಟಿಡಿಬಿ ಅನ್ನುತ್ತಾರೆ. ಅದು ರಜೆಯಲ್ಲಿರುವವರಿಗೆ ಮಾತ್ರ, ಕೆಲಸಕ್ಕೆ ಮರಳಿದ ದಿನ ನಿಲ್ಲುತ್ತದೆ. ಅವರು ಕಂಡಿರುವುದು ಅದನ್ನು. ನಿಮ್ಮವರಿಗೆ ಈಗ ಬರುತ್ತಿರುವುದು ಪಿಡಿಬಿ, ಅಂದರೆ ಶಾಶ್ವತ ಅಂಗವೈಕಲ್ಯದ ಹಣ. ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ ಎಂದು ಕಾನೂನಿನ ಪಟ್ಟಿಯಲ್ಲೇ ಬರೆದಿದೆ. ದಿನಕ್ಕೆ 500 ರೂಪಾಯಿ ಕೂಲಿಯ ಶೇ 90 ಎಂದರೆ 450, ಅದರ ಶೇ 30 ಎಂದರೆ 135. ತಿಂಗಳಿಗೆ 4,050. ಈ ಲೆಕ್ಕದಲ್ಲಿ ಇನ್ನೊಂದು ಮಾತೂ ಅಡಗಿದೆ: ಉಳಿದ ಶೇ 70ರಷ್ಟನ್ನು ಅವರು ದುಡಿಯಬಲ್ಲರು ಎಂದು ಬೋರ್ಡೇ ಒಪ್ಪಿದೆ. ಹೋದ ಬೆರಳಿಗೆ ಈ ಹಣ ಜೀವನಪೂರ್ತಿ ಸಲ್ಲಬೇಕಾದ್ದು. ಇದನ್ನು ಮನೆಯಲ್ಲಿ ಕುಳಿತದ್ದಕ್ಕೆ ಕೊಡುವ ಕೂಲಿ ಎಂದು ಅವರು ತಿಳಿದುಕೊಂಡರೆ ತಮಗೇ ಅನ್ಯಾಯ ಮಾಡಿಕೊಂಡಂತೆ.

ಒಂದು ಕಾಗದವನ್ನು ಮಾತ್ರ ಇವತ್ತೇ ತೆಗೆದು ನೋಡಿ. ಬೋರ್ಡಿನ ತೀರ್ಮಾನ ತಾತ್ಕಾಲಿಕವೋ ಅಂತಿಮವೋ ಅದರಲ್ಲಿ ಬರೆದಿರುತ್ತದೆ. ತಾತ್ಕಾಲಿಕ ಎಂದಿದ್ದರೆ ಮತ್ತೊಮ್ಮೆ ಬೋರ್ಡಿನ ಮುಂದೆ ಹೋಗಬೇಕಾದೀತು. ಆಗಲೂ ಅವರು ನೋಡುವುದು ಕೈಯನ್ನು, ಸಂಬಳದ ಚೀಟಿಯನ್ನಲ್ಲ.

ಇನ್ನು ಮೈದುನನ ಮಾತು. ರಾಜ್ಯ ಸರ್ಕಾರದ ಅಂಗವಿಕಲರ ಪಿಂಚಣಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಅದನ್ನು ಅಳೆಯುವವರು ಜಿಲ್ಲಾ ಆಸ್ಪತ್ರೆಯ ವೈದ್ಯರು, ಅವರ ಅಳತೆಯೇ ಬೇರೆ. ಇಎಸ್‌ಐ ಕೊಟ್ಟ 30 ಅಲ್ಲಿ ನಡೆಯುವುದಿಲ್ಲ, ಮೂರು ಬೆರಳಿಗೆ 40 ಮುಟ್ಟುವುದೂ ಕಷ್ಟ. ಮುಟ್ಟಿತೆಂದೇ ಇಟ್ಟುಕೊಳ್ಳಿ. ಶೇ 40ರಿಂದ 75ರವರೆಗಿನವರಿಗೆ ತಿಂಗಳಿಗೆ ಸಿಗುವುದು 800 ರೂಪಾಯಿ. ಕುಟುಂಬದ ವರ್ಷದ ಆದಾಯ 32,000 ಮೀರಬಾರದು. ನಿಮ್ಮ ಪಿಡಿಬಿಯೊಂದೇ ವರ್ಷಕ್ಕೆ 48,000 ದಾಟುತ್ತದೆ, ಅದರ ಮೇಲೆ ನಿಮ್ಮ ಹೊಲಿಗೆಯ ದುಡಿಮೆ. ಸಿಗಲಾರದ 800ಕ್ಕಾಗಿ ಕೈಗೆ ಬಂದ 13,000 ಬಿಡಬೇಡಿ. ಮೈದುನನಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಅವನ ಕಾಳಜಿ ನಿಜವಾದದ್ದೇ, ಮಾಹಿತಿ ಮಾತ್ರ ಅರ್ಧ.

ಇದೇ ಮಾತನ್ನು ನಾನು ಎಲ್ಲರಿಗೂ ಹೇಳಲಾರೆ. ಎರಡೂ ಕಾಲಿಲ್ಲದವರು, ಕಣ್ಣಿಲ್ಲದವರು ಇರುವ, ತಿಂಗಳ 1,400 ರೂಪಾಯಿ ಪಿಂಚಣಿಯನ್ನೇ ನಂಬಿದ ಮನೆಗಳಿಂದಲೂ ನನಗೆ ಪತ್ರಗಳು ಬರುತ್ತವೆ. 32,000 ಎಂದರೆ ತಿಂಗಳಿಗೆ 2,700 ಕೂಡ ಆಗದು. ಅಂಗಡಿಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಅರ್ಧ ಹೊತ್ತು ದುಡಿದರೂ ಅದನ್ನು ಮೀರುತ್ತಾರೆ. ಆ ಕೆಲಸ ನಾಳೆ ಹೋದರೆ ಮತ್ತೆ ಅರ್ಜಿ, ಮತ್ತೆ ಆದಾಯ ಪ್ರಮಾಣಪತ್ರ, ಮತ್ತೆ ನಾಡಕಚೇರಿ. ಅವರು ಹೆದರುವುದರಲ್ಲಿ ತಪ್ಪಿಲ್ಲ. ಕೆಲಸಕ್ಕೆ ಸೇರಿದವರ ಪಿಂಚಣಿಯನ್ನು ಒಂದೆರಡು ವರ್ಷವಾದರೂ ಮುಂದುವರಿಸುವ ನಿಯಮ ಬರಬೇಕು. ಸರ್ಕಾರ ಇದನ್ನು ಮಾಡದೆ ‘ಸ್ವಾವಲಂಬಿಗಳಾಗಿ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಮತ್ತೆ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. ಹಣದ ಲೆಕ್ಕ ತೋರಿಸಿದ ಮೇಲೂ ಅವರು ‘ಬೇಡ’ ಅಂದರೆ ಆಶ್ಚರ್ಯಪಡಬೇಡಿ. ನೀವು ಬರೆದ ಆ ಟವೆಲಿನ ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ದುಡ್ಡಿನ ಭಯದ ಹಿಂದೆ ಇನ್ನೊಂದು ಭಯ ಕುಳಿತಿದೆ. ಪ್ರೆಸ್ ಬೀಳುವ ಸದ್ದು, ತಮ್ಮ ಜಾಗದಲ್ಲಿ ನಿಂತಿರುವ ಇನ್ನೊಬ್ಬ ಹುಡುಗ, ಊಟದ ಹೊತ್ತಿನಲ್ಲಿ ಎಲ್ಲರ ಕಣ್ಣು ಕೈ ಮೇಲೆ. ಇಲ್ಲದ ಬೆರಳು ರಾತ್ರಿ ಉರಿಯುತ್ತದೆಯೇ, ನಿದ್ದೆ ಬರುತ್ತದೆಯೇ, ಒಮ್ಮೆ ಮೆತ್ತಗೆ ಕೇಳಿ ನೋಡಿ. ಹೌದು ಅಂದರೆ ಅದು ಹುಚ್ಚೂ ಅಲ್ಲ, ಸೋಮಾರಿತನವೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಕಾಸು ಕೊಡಬೇಕಿಲ್ಲ. ಕೈಗೆ ಹೊಸ ರೂಢಿ ಕಲಿಸಲು ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ವಿಕಲಚೇತನರ ಪುನರ್ವಸತಿಗೆಂದೇ ಇರುವ ಕೇಂದ್ರ. ಹೆಬ್ಬೆರಳು, ತೋರುಬೆರಳು ಉಳಿದಿರುವುದು ದೊಡ್ಡ ಬಲ. ವರ್ನಿಯರ್ ಹಿಡಿಯಲು, ಪೆನ್ನು ಹಿಡಿಯಲು ಬೇಕಾದದ್ದು ಆ ಎರಡೇ.

ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಊರು ನಿಮ್ಮದು. ಕಸುಬು ಗೊತ್ತಿದ್ದೂ ಕೆಲಸವಿಲ್ಲದೆ ಕುಳಿತ ಗಂಡಸರು ಎಷ್ಟು ಬೇಗ ಕುಗ್ಗಿಹೋಗುತ್ತಾರೆ ಎಂದು ಹರಿಹರದ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮನೆಯವರ ಕಸುಬು ಬೆರಳಿನಲ್ಲಿ ಮಾತ್ರ ಇರಲಿಲ್ಲ. ಯಾವ ಡೈ ಸವೆದಿದೆ, ಯಾವ ಜಾಬ್‌ನಲ್ಲಿ ಬರ್ ಉಳಿದಿದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲವರು ಅವರು. ಇನ್‌ಸ್ಪೆಕ್ಷನ್‌ಗೆ ಮಾಲೀಕರು ಕರೆದಿರುವುದು ಕನಿಕರದಿಂದ ಮಾತ್ರ ಎಂದು ನಾನು ನಂಬುವುದಿಲ್ಲ. ಇದನ್ನು ಅವರಿಗೆ ನೀವು ಹೇಳುವುದಕ್ಕಿಂತ ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದು ಹೇಳಿದರೆ ಚೆನ್ನ.

ಹಾಗೆಂದು ಮಾಲೀಕರ ಮಾತಿಗೆ ಸುಮ್ಮನೆ ತಲೆ ಆಡಿಸಬೇಡಿ. 15,000 ಯಾಕೆ 13,000 ಆಯಿತು? ಬೇರೆ ಹುದ್ದೆಗೆ ಬೇರೆ ಸಂಬಳ ಎಂದರೆ, ಆ ಹುದ್ದೆಗೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಎಷ್ಟೆಂದು ದಾವಣಗೆರೆಯ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ‘ಹೇಗೂ ಇಎಸ್‌ಐನಿಂದ ನಾಲ್ಕು ಸಾವಿರ ಬರುತ್ತದಲ್ಲ’ ಎಂಬ ಮಾತು ಬಂದರೆ ಒಪ್ಪಬೇಡಿ, ಆ ಹಣಕ್ಕೂ ಸಂಬಳಕ್ಕೂ ಸಂಬಂಧವಿಲ್ಲ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಹಾಕಬೇಕೆಂದು 2016ರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೆ ಆ ಕಲಮು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯಲ್ಲಿ ನೀವೇ ಮಾತಾಡಿ ಪಡೆಯಬೇಕು. ಸ್ಟೋರ್‌ನಲ್ಲಿ ಭಾರ ಎತ್ತಲು ಒಬ್ಬ ಹೆಲ್ಪರ್ ಬೇಕು, ಮೊದಲ ತಿಂಗಳು ಅರ್ಧ ಶಿಫ್ಟ್ ಬೇಕು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸೇರುವಾಗ ಹಳೆಯ ಇಎಸ್‌ಐ ವಿಮೆ ನಂಬರನ್ನೇ ಕೊಡಲಿ, ಹೊಸದು ಮಾಡಿಸಬಾರದು. 13,000ಕ್ಕೆ ಅವರ ಪಾಲಿನಿಂದ ಹಿಡಿಯುವುದು 98 ರೂಪಾಯಿ. ಅದರಿಂದ ನಿಮಗೂ ಮಗಳಿಗೂ ಆಸ್ಪತ್ರೆಯ ಸೌಲಭ್ಯ ಮತ್ತೆ ಪೂರ್ತಿಯಾಗಿ ಸಿಗುತ್ತದೆ.

ಅತ್ತೆಯವರ ಭಯಕ್ಕೆ ನಾನು ಎದುರು ವಾದ ಮಾಡುವುದಿಲ್ಲ, ಆ ತಾಯಿ ಕಂಡದ್ದು ಹಾಗಿದೆ. ಒಪ್ಪುವ ಮುಂಚೆ ನಿಮ್ಮ ಮನೆಯವರು ಒಮ್ಮೆ ಶೆಡ್ಡಿಗೆ ಹೋಗಿ ಬರಲಿ, ನೀವೂ ಜೊತೆಗೆ ಹೋಗಿ. ಆ ಪ್ರೆಸ್‌ಗೆ ಈಗ ಗಾರ್ಡ್ ಹಾಕಿದ್ದಾರೆಯೇ, ಎರಡೂ ಕೈಯಿಂದ ಗುಂಡಿ ಒತ್ತಿದರೆ ಮಾತ್ರ ಪ್ರೆಸ್ ಬೀಳುವ ವ್ಯವಸ್ಥೆ ಮಾಡಿದ್ದಾರೆಯೇ ಎಂದು ಅವರೇ ಕೇಳಲಿ. ಮಾಡಿಲ್ಲದಿದ್ದರೆ, ಮಾಡಿಸಿದ ಮೇಲೆ ಬರುತ್ತೇನೆ ಎಂದು ಹೇಳಲಿ. ಈಗ ಅಲ್ಲಿ ನಿಂತಿರುವ ಹುಡುಗನ ಪರವಾಗಿ ಆ ಮಾತು ಆಡಲು ಅವರಷ್ಟು ಅಧಿಕಾರ ಇನ್ನಾರಿಗೂ ಇಲ್ಲ. ಬೋರ್ಡಿನ ಕಾಗದದಲ್ಲಿ ಏನು ಬರೆದಿದೆ ಎಂದು ನೋಡಿ ನನಗೆ ಮತ್ತೆ ಬರೆಯಿರಿ.