ವೈದ್ಯಕೀಯ ಬರವಣಿಗೆಯೂ ಚಾಟ್‌ಬಾಟ್‌ಗಳೂ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್, ಅದರ ನೆರೆಯ ಬೊಮ್ಮಸಂದ್ರದಲ್ಲಿ ಗುತ್ತಿಗೆಯ ಮೇಲೆ ಸಂಶೋಧನೆ ನಡೆಸುವ ಸಿಂಜೀನ್ ಮೊದಲಾದ ಸಂಸ್ಥೆಗಳಿಂದ ಪ್ರಸಿದ್ಧವಾದ ಔಷಧೋದ್ಯಮದಲ್ಲಿ, ಪ್ರಯೋಗಗಳ ಫಲಿತಾಂಶವನ್ನು ನಿಯಂತ್ರಣ ಪ್ರಾಧಿಕಾರಗಳಿಗೂ ವೈದ್ಯಲೋಕಕ್ಕೂ ಕ್ರಮಬದ್ಧವಾಗಿ ನಿವೇದಿಸುವ ವೈದ್ಯಕೀಯ ಬರವಣಿಗೆಯು ಒಂದು ಸ್ವತಂತ್ರ ವೃತ್ತಿಯೇ ಆಗಿದೆ. ಚಿಕಿತ್ಸಾ ಪ್ರಯೋಗ ವರದಿಯ ಅಧ್ಯಾಯಕ್ರಮವನ್ನು ಔಷಧ ನಿಯಮಗಳ ಅಂತರರಾಷ್ಟ್ರೀಯ ಸಮನ್ವಯ ವೇದಿಕೆಯಾದ ಐಸಿಎಚ್‌ನ 1995ರ ಇ3 ಮಾರ್ಗಸೂಚಿಯು ಮೊದಲೇ ನಿರ್ದೇಶಿಸಿರುವುದರಿಂದ, ಇಂಥ ಕಟ್ಟುಪಾಡಿನ ಗದ್ಯವು ಯಂತ್ರಕ್ಕೆ ಸುಲಭಸಾಧ್ಯವೆಂದು ತೋರುವುದು ಸಹಜ.

ಆದರೆ 2022ರ ನವೆಂಬರ್ 30ರಂದು ಬಳಕೆಗೆ ಬಂದ ಚಾಟ್‌ಜಿಪಿಟಿಯಂಥ ಸಾಧನಗಳು ಸತ್ಯವನ್ನು ಶೋಧಿಸುವುವಲ್ಲ. ಮುಂದೆ ಬರಬಹುದಾದ ಪದವನ್ನು ಸಂಭಾವ್ಯತೆಯಿಂದ ಊಹಿಸುವುವು. ಆದಕಾರಣ ಎಂದೂ ಪ್ರಕಟವಾಗದ ಪ್ರಬಂಧಕ್ಕೆ ನಿಜವಾದ ಲೇಖಕನ ಹೆಸರನ್ನೂ ನಿಯತಕಾಲಿಕೆಯ ಸಂಪುಟಸಂಖ್ಯೆಯನ್ನೂ ನಿಸ್ಸಂಕೋಚವಾಗಿ ಜೋಡಿಸಿಬಿಡುವುದುಂಟು. ಕಾದಂಬರಿಕಾರನಿಗೆ ಭೂಷಣವಾದ ಈ ಪ್ರತಿಭೆ ಔಷಧದ ಪ್ರಮಾಣವನ್ನು ಬರೆಯುವವನಿಗೆ ಸಲ್ಲದು.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದುದು ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅರ್ಥಾತ್ ಐಸಿಎಂಜೆಇ, 2023ರ ಮೇ ತಿಂಗಳಿಂದೀಚೆಗೆ ಪರಿಷ್ಕರಿಸುತ್ತ ಬಂದ ಶಿಫಾರಸು: ಬರಹದ ನಿಖರತೆ, ಪ್ರಾಮಾಣಿಕತೆ ಹಾಗೂ ಸ್ವೋಪಜ್ಞತೆಗೆ ಹೊಣೆ ಹೊರಲಾರದ ಚಾಟ್‌ಬಾಟ್ ಲೇಖಕಸ್ಥಾನಕ್ಕೆ ಅರ್ಹವಲ್ಲ; ಬರವಣಿಗೆಗೆ ಪಡೆದ ನೆರವನ್ನು ಕೃತಜ್ಞತಾ ವಿಭಾಗದಲ್ಲಿಯೂ, ದತ್ತಾಂಶ ವಿಶ್ಲೇಷಣೆಗೆ ಪಡೆದುದನ್ನು ವಿಧಾನ ವಿಭಾಗದಲ್ಲಿಯೂ ಪ್ರಕಟಪಡಿಸತಕ್ಕದ್ದು; ಗೋಪ್ಯತೆಯ ಭರವಸೆಯಿಲ್ಲದೆಡೆ ವಿಮರ್ಶಕರು ಹಸ್ತಪ್ರತಿಯನ್ನು ಇಂಥ ಸಾಧನಕ್ಕೆ ಒಪ್ಪಿಸಕೂಡದು.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) ಜೈವಿಕವೈದ್ಯಕೀಯ ಸಂಶೋಧನೆ ಮತ್ತು ಆರೋಗ್ಯಸೇವೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ನೈತಿಕ ಮಾರ್ಗಸೂಚಿಯನ್ನು ಹೊರಡಿಸಿದುದೂ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಂಸತ್ತಿನ ಅಂಗೀಕಾರ ಪಡೆದುದೂ ಅದೇ 2023ರಲ್ಲಿ.