ಮೈದಾನದ ಗಣಿತಜ್ಞ

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ದೂರಕ್ಕೆ ಎಸೆಯಲೂಬಹುದು. ತಂಡದ ದಾಳಿಯನ್ನು ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಚೆಂಡು ಕೈಸೇರಿದ ಕೆಲವೇ ಕ್ಷಣಗಳಲ್ಲಿ ಅದನ್ನು ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಅಷ್ಟರಲ್ಲಿ ಎದುರಾಳಿಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ.

ಇಂತಹ ಸ್ಥಾನದಲ್ಲಿ ಆಡುತ್ತಲೇ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದವನು ಫ್ರಾಂಕ್ ರಯಾನ್. ಆತನು 1936ರಲ್ಲಿ ಟೆಕ್ಸಾಸ್ ಪ್ರಾಂತದ ಫೋರ್ಟ್ ವರ್ತ್ ನಗರದಲ್ಲಿ ಜನಿಸಿದನು. ಹ್ಯೂಸ್ಟನ್ ನಗರದ ರೈಸ್ ವಿದ್ಯಾಸಂಸ್ಥೆಯನ್ನು ಸೇರಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದನು. ಕಾಲೇಜು ತಂಡದಲ್ಲಿ ಆತನಿಗೆ ದೊರೆತದ್ದು ಬಹುಮಟ್ಟಿಗೆ ಎರಡನೆಯ ಸ್ಥಾನವೇ. ಮೊದಲನೆಯವನು ಕಿಂಗ್ ಹಿಲ್. 1958ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಂಡಾಗ ಹಿಲ್ ಎಲ್ಲರಿಗಿಂತ ಮೊದಲು ಆಯ್ಕೆಯಾದನು. ರಯಾನನ ಸರದಿ ಬಂದದ್ದು ಐದನೆಯ ಸುತ್ತಿನಲ್ಲಿ. ಇನ್ನೊಬ್ಬನ ನೆರಳಿನಲ್ಲಿ ಕುಳಿತು ಅವಕಾಶಕ್ಕಾಗಿ ಕಾಯುವುದು ತರುಣನಿಗೆ ಸುಲಭದ ಮಾತೇನಲ್ಲ.

ಆಟವೋ, ಅಧ್ಯಯನವೋ ಎಂಬ ಪ್ರಶ್ನೆ ಈಗ ಆತನೆದುರು ನಿಂತಿತು. ಆತನು ಎರಡನ್ನೂ ಬಿಡಲಿಲ್ಲ. ಲಾಸ್ ಏಂಜಲೀಸ್ ನಗರದ ತಂಡವನ್ನು ಸೇರಿದನು. ಆಟದ ಋತುವಲ್ಲದ ತಿಂಗಳುಗಳಲ್ಲಿ ಉನ್ನತ ಗಣಿತದ ವ್ಯಾಸಂಗವನ್ನು ಮುಂದುವರಿಸಿದನು. ರೈಸ್‌ನಲ್ಲಿ ಮೆಕ್‌ಲೇನ್ ಎಂಬ ಪ್ರಾಧ್ಯಾಪಕರು ಆತನ ಮಾರ್ಗದರ್ಶಕರಾದರು. ವೃತ್ತದೊಳಗೆ ಚಲಿಸುವ ಬಿಂದುವೊಂದು ಪರಿಧಿಯನ್ನು ಸಮೀಪಿಸಿದಂತೆ, ಆ ಬಿಂದುವನ್ನು ಅವಲಂಬಿಸಿದ ಒಂದು ಬೆಲೆಯು ಯಾವ ಯಾವ ಸಂಖ್ಯೆಗಳ ಕಡೆಗೆ ಸಾಗಬಲ್ಲದು? ಸ್ಥೂಲವಾಗಿ ಹೇಳುವುದಾದರೆ, ರಯಾನನ ಸಂಶೋಧನೆಯ ವಿಷಯ ಇದೇ.

1962ರಲ್ಲಿ ಆತನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಬಂದನು. ಎರಡು ವರ್ಷಗಳ ತರುವಾಯ, 1964ರ ಡಿಸೆಂಬರ್ 27ರಂದು, ಆ ತಂಡವು ಚಾಂಪಿಯನ್ ಪಟ್ಟಕ್ಕಾಗಿ ಬಾಲ್ಟಿಮೋರ್ ತಂಡವನ್ನು ಎದುರಿಸಿತು. ಈರಿ ಸರೋವರದ ದಂಡೆಯ ಮೈದಾನ, ಕೊರೆಯುವ ಚಳಿಗಾಳಿ. ಗೆಲ್ಲುವವರು ಬಾಲ್ಟಿಮೋರಿನವರೇ ಎಂಬುದು ಬಹುಜನರ ಎಣಿಕೆಯಾಗಿತ್ತು. ಪೂರ್ವಾರ್ಧದಲ್ಲಿ ಯಾರಿಗೂ ಒಂದು ಅಂಕವೂ ದಕ್ಕಲಿಲ್ಲ. ಉತ್ತರಾರ್ಧದಲ್ಲಿ ರಯಾನನ ಕೈ ಕುದುರಿತು. ಆತನು 18, 42 ಮತ್ತು 51 ಗಜಗಳ ಮೂರು ಎಸೆತಗಳನ್ನು ಗ್ಯಾರಿ ಕಾಲಿನ್ಸನಿಗೆ ತಲುಪಿಸಿದನು, ಮೂರೂ ಅಂಕಗಳಾದವು. ಬ್ರೌನ್ಸ್ ತಂಡ 27–0ರಿಂದ ಗೆದ್ದಿತು. ಮುಂದಿನ ವರ್ಷವೇ ರಯಾನನಿಗೆ ಡಾಕ್ಟರೇಟ್ ದೊರೆಯಿತು.

ಅನಂತರ ಕ್ಲೀವ್‌ಲ್ಯಾಂಡಿನಲ್ಲಿ ಆತನು ತಂಡಕ್ಕೆ ಆಡುತ್ತಲೇ ಕಾಲೇಜು ವಿದ್ಯಾರ್ಥಿಗಳಿಗೆ ಗಣಿತವನ್ನೂ ಬೋಧಿಸಿದನು. ಆಟದಿಂದ ನಿವೃತ್ತನಾಗುವ ಹೊತ್ತಿಗೆ ಗಣಕಯಂತ್ರಗಳ ಯುಗ ಕಾಲಿಡುತ್ತಿತ್ತು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 1973ರಲ್ಲಿ ವಿದ್ಯುನ್ಮಾನ ಮತದಾನ ಆರಂಭವಾದಾಗ, ಆ ಸಭೆಯ ಗಣಕ ವಿಭಾಗದ ಮುಖ್ಯಸ್ಥನಾಗಿದ್ದವನು ಈ ಹಳೆಯ ಆಟಗಾರನೇ. 1977ರಿಂದ ಹತ್ತು ವರ್ಷ ಯೇಲ್ ವಿಶ್ವವಿದ್ಯಾನಿಲಯದ ಕ್ರೀಡಾ ನಿರ್ದೇಶಕನಾಗಿಯೂ ಆತನು ದುಡಿದನು.

ಆ ಆಟದಲ್ಲಿ ತಲೆಗೆ ಬೀಳುವ ಪೆಟ್ಟುಗಳು ಅಂದಿಗೆ ಮರೆತುಹೋದಂತೆ ಕಂಡರೂ ಮುಂದೆ ಮಿದುಳನ್ನು ಬಾಧಿಸಬಲ್ಲವೆಂಬುದು ಈಚಿನ ದಶಕಗಳಲ್ಲಿ ಸ್ಪಷ್ಟವಾಗಿದೆ. ಕಡೆಯ ವರ್ಷಗಳಲ್ಲಿ ರಯಾನನನ್ನು ಆಲ್‌ಝೈಮರ್ ಎಂಬ ಮರೆವಿನ ರೋಗ ಕಾಡಿತು. 2024ರ ಜನವರಿ 1ರಂದು, ತನ್ನ 87ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಕಠಿಣ ಪ್ರಮೇಯಗಳನ್ನು ಸಾಧಿಸಿದ್ದ, ನೂರಾರು ಹೊಡೆತಗಳನ್ನು ತಾಳಿದ್ದ ಆ ಮಿದುಳನ್ನು ಮನೆಯವರು ಸಂಶೋಧನೆಗಾಗಿ ಬಾಸ್ಟನ್ ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿದರು.