ಮಗುವಿನ ಮೊದಲನೆಯ ಉಸಿರು

ದಂಪತಿಗಳೇ, ಕೂಸು ಭೂಮಿಗೆ ಬಿದ್ದೊಡನೆ ಅಳುವುದೆಂದು ನಾವೆಲ್ಲರೂ ನಂಬಿರುತ್ತೇವೆ. ಬಹುಪಾಲು ಕೂಸುಗಳು ಹಾಗೆಯೇ ಅಳುತ್ತವೆ. ಆದರೆ ಸುಮಾರು ಹತ್ತರಲ್ಲಿ ಒಂದಕ್ಕೆ ಉಸಿರಾಟವನ್ನು ಆರಂಭಿಸಲು ಇತರರ ನೆರವು ಬೇಕಾಗುತ್ತದೆ. ಆ ನೆರವು ಮೊದಲನೆಯ ಒಂದು ನಿಮಿಷದೊಳಗೆ ದೊರೆಯತಕ್ಕದ್ದು. ತಡವಾದರೆ ಮಗು ಸಾಯಬಹುದು. ಬದುಕಿದರೂ ಮೆದುಳಿಗೆ ಪ್ರಾಣವಾಯು ಸಾಲದೆ ಬೆಳವಣಿಗೆ ಕುಂಠಿತವಾಗಬಹುದು.

ಗರ್ಭದಲ್ಲಿ ಶಿಶುವಿಗೆ ಪ್ರಾಣವಾಯು ಬರುವುದು ಹೊಕ್ಕುಳ ಬಳ್ಳಿಯಿಂದ. ಆಗ ಅದರ ಶ್ವಾಸಕೋಶಗಳಲ್ಲಿ ದ್ರವ ತುಂಬಿರುತ್ತದೆ. ಹುಟ್ಟಿದೊಡನೆ ಆ ದ್ರವ ಹಿಂಗಿ ಗಾಳಿ ತುಂಬಬೇಕು. ಹೆರಿಗೆ ಬಹಳ ಹೊತ್ತು ಹಿಡಿದಾಗ, ದಿನ ತುಂಬುವ ಮೊದಲೇ ಕೂಸು ಹುಟ್ಟಿದಾಗ, ಬಳ್ಳಿ ಒತ್ತಿಹೋದಾಗ ಈ ಬದಲಾವಣೆ ತಾನಾಗಿ ನಡೆಯದಿರಬಹುದು. ಇದು ತಾಯಿಯ ತಪ್ಪಲ್ಲ, ಗ್ರಹಚಾರವೂ ಅಲ್ಲ.

ಇಂತಹ ಕೂಸನ್ನು ಉಳಿಸುವ ವಿದ್ಯೆಗೆ ಕೈಯ ಅಭ್ಯಾಸ ಮುಖ್ಯ. 2009ರಲ್ಲಿ ಕೇಂದ್ರ ಸರ್ಕಾರವು ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿ, ಹೆರಿಗೆ ಮಾಡಿಸುವ ವೈದ್ಯರಿಗೂ ದಾದಿಯರಿಗೂ ಇದನ್ನು ಕಲಿಸತೊಡಗಿತು. ಸ್ವಯಂಸೇವೆಗೆ ಬರುವ ವೈದ್ಯರ ತಂಡಗಳೂ ಹಲವೆಡೆ ಇದೇ ಪಾಠವನ್ನು ಹೇಳಿಕೊಡುತ್ತವೆ. ಪಾಠ ನಡೆಯುವುದು ಬೊಂಬೆಯ ಮೇಲೆ. ಚನ್ನಪಟ್ಟಣದ ಬೊಂಬೆಯ ಅಂದ ಇದಕ್ಕಿಲ್ಲ. ಆದರೆ ನೀರು ತುಂಬಿದಾಗ ಇದು ಹಸುಗೂಸಿನಷ್ಟೇ ತೂಗುತ್ತದೆ. ಮೈಯೊರೆಸಿ ಬೆನ್ನುಜ್ಜುವುದು, ಬಾಯಿ ಕಟ್ಟಿದ್ದರೆ ಶುಚಿ ಮಾಡುವುದು, ಆಗಲೂ ಉಸಿರಾಡದಿದ್ದರೆ ಮುಖವಾಡವಿಟ್ಟು ಗಾಳಿಚೀಲವನ್ನು ನಿಮಿಷಕ್ಕೆ 40ರಿಂದ 60 ಬಾರಿ ಒತ್ತುವುದು, ಪ್ರತಿ ಸಲವೂ ಎದೆ ಏರಿತೇ ಎಂದು ನೋಡುವುದು. ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ.

ಬೆಳಗಾವಿ ಭಾಗದಲ್ಲಿ 599 ಮಂದಿಗೆ ಹೀಗೆ ತರಬೇತಿ ಕೊಟ್ಟ ಫಲವು 2013ರಲ್ಲಿ ಪ್ರಕಟವಾಯಿತು. ನೂರು ಹೆರಿಗೆಗೆ 3ರಷ್ಟಿದ್ದ ಸತ್ತು ಹುಟ್ಟುವ ಕೂಸುಗಳ ಪ್ರಮಾಣ 2.3ಕ್ಕೆ ಇಳಿದಿತ್ತು. ಜೀವವಿಲ್ಲವೆಂದು ಬದಿಗಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಜೀವವಿತ್ತೆಂದು ಇದರಿಂದ ಊಹಿಸಬಹುದು. ಆದರೆ ಹುಟ್ಟಿದ ಮೇಲಿನ ಮೊದಲ ತಿಂಗಳ ಸಾವುಗಳು ಇಳಿಯಲಿಲ್ಲ. ಅದಕ್ಕೆ ಬೇರೆ ಆರೈಕೆಯೂ ಬೇಕು.

ದಾದಿಯ ಕೈ ಎಷ್ಟು ಪಳಗಿದ್ದರೂ ಆ ನಿಮಿಷದಲ್ಲಿ ನೀವು ಅವಳ ಬಳಿ ಇರದಿದ್ದರೆ ಪ್ರಯೋಜನವಿಲ್ಲ. ರಾಮನಗರ, ಚನ್ನಪಟ್ಟಣದ ಪೇಟೆಯವರಿಗೆ ಆಸ್ಪತ್ರೆ ಹತ್ತಿರ. ಕನಕಪುರದ ಕಾಡಂಚಿನ ಹಳ್ಳಿಯವರೂ ಮಾಗಡಿಯ ಒಳಹಳ್ಳಿಗಳವರೂ ಎಂಟನೆಯ ತಿಂಗಳಲ್ಲಿಯೇ ಹೆರಿಗೆಯ ಸ್ಥಳವನ್ನು ಗೊತ್ತುಮಾಡಿಕೊಳ್ಳಬೇಕು. ಅಲ್ಲಿ ರಾತ್ರಿಯ ವೇಳೆ ತರಬೇತಿ ಪಡೆದವರು ಇರುವರೇ ಎಂದು ಪತಿಯಾದವನು ಹೋಗಿ ವಿಚಾರಿಸಲಿ. ಕೇಳಲು ಸಂಕೋಚ ಬೇಡ. ನೋವು ಆರಂಭವಾದೊಡನೆ 108ಕ್ಕೆ ಕರೆಮಾಡಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗೆ ಹೋಗಿಬರುವ ವಾಹನ, ಹೆರಿಗೆ, ಔಷಧಿ ಎಲ್ಲವೂ ಉಚಿತ.

ದಾರಿಯಲ್ಲಿಯೇ ಹೆರಿಗೆಯಾದರೆ ಕೂಸನ್ನು ತಲೆಕೆಳಗು ಹಿಡಿದು ಬಡಿಯಬಾರದು, ತಣ್ಣೀರು ಚಿಮುಕಿಸಬಾರದು. ಶುಚಿಯಾದ ಒಣಬಟ್ಟೆಯಿಂದ ಮೈಯೊರೆಸಿ, ಬೆನ್ನುಜ್ಜಿ, ತಾಯಿಯ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಹೊದಿಸಿ. ರೇಷ್ಮೆ ಸಾಕುವ ನೀವು ಚಾಕಿ ಹುಳುವಿಗೆ ಚಳಿ ತಾಗದಂತೆ ಎಷ್ಟು ಎಚ್ಚರ ವಹಿಸುತ್ತೀರಿ! ಹಸಿಮೈಯ ಕೂಸಿಗೆ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಮೊದಲ ದಿನ ಸ್ನಾನ ಬೇಡವೇ ಬೇಡ, ಹಿರಿಯರು ಹೇಳಿದರೂ ಸಹ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಕೂಸನ್ನು ನೋಡಲು ಬರುತ್ತಾಳೆ. ಹುಟ್ಟುವಾಗ ಉಸಿರಿಗೆ ನೆರವು ಪಡೆದ ಕೂಸಾಗಿದ್ದರೆ ಅದನ್ನು ಅವಳಿಗೆ ತಪ್ಪದೆ ತಿಳಿಸಿ. ಕೂಸು ಮೊಲೆ ಚೀಪದಿದ್ದರೆ, ಮೈ ತಣ್ಣಗಾದರೆ ಅಥವಾ ಸೆಳೆತ ಬಂದರೆ ಅವಳು ಬರುವ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ರಾತ್ರಿಯಾಗಿದ್ದರೂ ಸರಿಯೇ.